ಓದುಗರ ಪ್ರಶ್ನೆ, ವಕೀಲರ ಉತ್ತರ: ಸಲಿಂಗ ವಿವಾಹಕ್ಕೆ ಸಂವಿಧಾನದ ಆಧಾರವಿದೆಯೇ?

ಪ್ರಶ್ನೆ: ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರಲ್ಲಿ ಹೇಳಿದ ಸುಪ್ರೀಂ ಕೋರ್ಟೇ 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಒಂದೇ ಸಂವಿಧಾನ ಎರಡು ಮಾತು ಆಡುವುದು ಹೇಗೆ? ಅಲ್ಲದೆ ಇದು ದೊಡ್ಡ ನಗರಗಳವರ ಬೇಡಿಕೆಯೇ ಹೊರತು ನಮ್ಮ ಭಾಗದ್ದಲ್ಲ ಎಂದು ನನ್ನ ಅಭಿಪ್ರಾಯ.
– ನಿವೃತ್ತ ಶಿಕ್ಷಕರು, ಬಸವಕಲ್ಯಾಣ

ಉತ್ತರ: ಎರಡು ತೀರ್ಪುಗಳು ಉತ್ತರಿಸಿದ ಪ್ರಶ್ನೆಗಳೇ ಬೇರೆ ಬೇರೆ. ವಯಸ್ಕರಿಬ್ಬರು ಒಪ್ಪಿ ಕೂಡಿದ್ದಕ್ಕೆ ಅವರನ್ನು ಜೈಲಿಗೆ ಕಳಿಸಬಹುದೇ ಎಂಬುದು 2018ರ ಸೆಪ್ಟೆಂಬರ್ 6ರ ತೀರ್ಪಿನ ಮುಂದಿದ್ದ ಪ್ರಶ್ನೆ. ಸಂವಿಧಾನದ 14, 15, 19 ಮತ್ತು 21ನೇ ವಿಧಿಗಳನ್ನು ಮುಂದಿಟ್ಟುಕೊಂಡು, ಭಾರತೀಯ ದಂಡ ಸಂಹಿತೆಯ 377ನೇ ಕಲಮನ್ನು ಅಂಥವರ ಮೇಲೆ ಹೇರುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಅಲ್ಲಿ ಕೇಳಿದ್ದು ಸರ್ಕಾರ ಅವರ ಮೇಲೆ ಕೈ ಎತ್ತಬಾರದು ಎಂದು. 2023ರಲ್ಲಿ ಕೇಳಿದ್ದು ಅದೇ ಸರ್ಕಾರ ಕೈ ಚಾಚಬೇಕು, ನೋಂದಣಿ ಮಾಡಿಕೊಡಬೇಕು ಎಂದು.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದ್ದು ಮುಖ್ಯವಾಗಿ ಎರಡು ಮಾತು: ವಿವಾಹವಾಗುವುದು ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಲ್ಲ, ಮತ್ತು ಧರ್ಮದ ಹಂಗಿಲ್ಲದ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಿ ಬರೆಯಲಾಗದು. ಆ ಕಾಯ್ದೆಯ 4ನೇ ಕಲಂ ‘ಯಾವುದೇ ಇಬ್ಬರು ವ್ಯಕ್ತಿಗಳು’ ಎಂದೇ ಆರಂಭವಾಗುತ್ತದೆ. ಆದರೆ ಕೆಳಗೆ ಗಂಡಿಗೆ 21, ಹೆಣ್ಣಿಗೆ 18 ವರ್ಷ ಎಂದಿದೆ, ಮುಂದೆ ಗಂಡ, ಹೆಂಡತಿ ಎಂಬ ಪದಗಳು ವಿಚ್ಛೇದನ, ಜೀವನಾಂಶದವರೆಗೂ ಹರಡಿಕೊಂಡಿವೆ. ಕೌದಿಯ ಒಂದು ಎಳೆ ಜಗ್ಗಿದರೆ ಉಳಿದ ಹೊಲಿಗೆಯೂ ಬಿಚ್ಚಿಕೊಳ್ಳುವಂತೆ, ಒಂದು ಪದ ಬದಲಿಸಿದರೆ ಹತ್ತು ಕಲಂ ಅಲುಗುತ್ತವೆ ಎಂಬ ನ್ಯಾಯಾಲಯದ ಅಳುಕನ್ನು ನಾನು ಒಪ್ಪುತ್ತೇನೆ.

ನಾನು ಒಪ್ಪದಿರುವುದು ಅದರ ಮುಂದಿನ ಹೆಜ್ಜೆಯನ್ನು. ವಿವಾಹವೆಂದು ಕರೆಯದಿದ್ದರೂ ಇಂಥ ಜೋಡಿಗಳ ಬಾಳ್ವೆಗೆ ಸರ್ಕಾರ ಕಾನೂನಿನ ಮಾನ್ಯತೆ ಕೊಡಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಬರೆದರು. ಉಳಿದ ಮೂವರು ಅದನ್ನು ಒಪ್ಪಲಿಲ್ಲ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಸಂಗಾತಿಯನ್ನು ಆರಿಸಿಕೊಳ್ಳುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಭಾಗವೆಂದು, ತಂದೆ ವಿರೋಧಿಸಿದ ಮದುವೆಯೊಂದರ ಹಾದಿಯಾ ಪ್ರಕರಣದಲ್ಲಿ ಇದೇ ನ್ಯಾಯಾಲಯ 2018ರಲ್ಲಿ ಹೇಳಿತ್ತು. ಆರಿಸಿಕೊಳ್ಳುವ ಹಕ್ಕಿದೆ, ಆದರೆ ಆರಿಸಿಕೊಂಡದ್ದು ಯಾವ ದಾಖಲೆಯಲ್ಲೂ ಬರುವಂತಿಲ್ಲ ಎಂದರೆ ಆ ಹಕ್ಕು ಎಷ್ಟು ದೂರ ನಡೆದೀತು?

ಈ ಮಾತನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಕಲಬುರಗಿಯ ನನ್ನ ಕಚೇರಿಗೆ ಬಂದ ಮಹಿಳೆಯೊಬ್ಬರು ಆಸ್ಪತ್ರೆಯ ಒಪ್ಪಿಗೆ ಪತ್ರವೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ‘ರೋಗಿಗೂ ನಿಮಗೂ ಇರುವ ಸಂಬಂಧ’ ಎಂಬ ಕಾಲಂನಲ್ಲಿ ಅವರು ‘ಗೆಳತಿ’ ಎಂದು ಬರೆದಿದ್ದರು. ಅದರ ಮೇಲೆ ನೀಲಿ ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ‘ಅಣ್ಣ’ ಎಂದು ಬೇರೆ ಕೈಬರಹದಲ್ಲಿ ಬರೆಯಲಾಗಿತ್ತು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಆ ಅಣ್ಣ ಸೊಲ್ಲಾಪುರದಿಂದ ಬಂದು ಸಹಿ ಹಾಕುವವರೆಗೆ ಶಸ್ತ್ರಚಿಕಿತ್ಸೆ ನಿಂತಿತ್ತು.

ಇದು ನಗರದ ಗಣ್ಯರ ದೃಷ್ಟಿಯೆಂದು ಕೇಂದ್ರ ಸರ್ಕಾರವೂ ನ್ಯಾಯಾಲಯದಲ್ಲಿ ವಾದಿಸಿತ್ತು. ಹಳ್ಳಿಯ ಹೊಲದಲ್ಲಿ ದುಡಿಯುವ ಹೆಣ್ಣೂ ಹೀಗಿರಬಹುದೆಂದು ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿದರು. ತಾವು ಬರೆದಿರುವುದು ಕಲ್ಯಾಣದಿಂದ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಜಾತಿ ಮೀರಿ ಆದ ಮದುವೆಯ ಕಥೆಯನ್ನು ತಾವು ಎಷ್ಟೋ ತಲೆಮಾರಿನ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ಆ ಪ್ರಸಂಗವನ್ನು ಸಲಿಂಗ ವಿವಾಹಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಸರಿಯಲ್ಲ, ನಾನು ತರುವುದೂ ಇಲ್ಲ. ಆದರೆ ಯಾರು ಯಾರನ್ನು ವರಿಸಬಹುದು ಎಂಬ ಪ್ರಶ್ನೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ ಎಂಬುದನ್ನು ನಿಮ್ಮೂರಿನವರಿಗೆ ನಾನು ಹೇಳಬೇಕಿಲ್ಲ.

ಈಗ ಬಾಗಿಲು ಇರುವುದು ಶಾಸಕಾಂಗದಲ್ಲಿ. ವಿವಾಹವು ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿರುವುದರಿಂದ ಸಂಸತ್ತಿನಂತೆ ರಾಜ್ಯ ವಿಧಾನಮಂಡಲವೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ತಂದ 371(ಜೆ) ವಿಧಿಯೂ ನ್ಯಾಯಾಲಯ ಕೊಟ್ಟದ್ದಲ್ಲ. ದಶಕಗಳ ಹೋರಾಟದ ನಂತರ 98ನೇ ತಿದ್ದುಪಡಿಯ ಮೂಲಕ ಸಂಸತ್ತು ಕೊಟ್ಟದ್ದು. ಸಮಾನತೆ, ಘನತೆ ಎಂಬ ಸಂವಿಧಾನದ ಮಾತುಗಳು ನ್ಯಾಯಾಧೀಶರನ್ನಷ್ಟೇ ಅಲ್ಲ, ಶಾಸಕರನ್ನೂ ಕಟ್ಟಿಹಾಕುತ್ತವೆ.

ಪ್ರಶ್ನೆ: ಇಂಥ ಕಾನೂನು ಬಂದರೆ ಮಠ, ಮಸೀದಿ, ಚರ್ಚುಗಳು ಈ ಮದುವೆಗಳನ್ನು ಮಾಡಿಸಲೇಬೇಕಾಗುತ್ತದೆಯೇ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲ. ವಿಶೇಷ ವಿವಾಹ ಕಾಯ್ದೆಯ ಮದುವೆ ನಡೆಯುವುದು ವಿವಾಹಾಧಿಕಾರಿಯ ಮುಂದೆ. ಅದಕ್ಕೆ ಧಾರ್ಮಿಕ ವಿಧಿ ಬೇಕಿಲ್ಲ. ಆಯಾ ಧರ್ಮದ ವೈಯಕ್ತಿಕ ಕಾನೂನುಗಳ ಗೋಜಿಗೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ ವಿಚಾರಣೆಯ ಆರಂಭದಲ್ಲೇ ಸ್ಪಷ್ಟಪಡಿಸಿತ್ತು.

ಪ್ರಶ್ನೆ: ನಾವಿಬ್ಬರು ಮಹಿಳೆಯರು ಆರು ವರ್ಷಗಳಿಂದ ಒಟ್ಟಿಗೆ ಬಾಳುತ್ತಿದ್ದೇವೆ. ಕಾನೂನು ಬರುವವರೆಗೆ ನಾವೇನು ಮಾಡಬಹುದು?
– ಹೆಸರು ಬೇಡ, ಕಲಬುರಗಿ

ಉತ್ತರ: ಮೊದಲು ಉಯಿಲು ಬರೆಯಿರಿ. ಉತ್ತರಾಧಿಕಾರದ ವಿಷಯದಲ್ಲಿ ದೇಶದ ಬಹುಭಾಗ ಅನುಸರಿಸಿದ ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರ ನಮ್ಮದೇ ಜಿಲ್ಲೆಯ ಮರತೂರಿನವನು. ಆಸ್ತಿ ರಕ್ತಸಂಬಂಧದ ಹಾದಿ ಹಿಡಿಯುತ್ತದೆ ಎಂಬ ಆ ಎಣಿಕೆ ಇಂದಿನ ಕಾಯ್ದೆಯಲ್ಲೂ ಜೀವಂತವಾಗಿದೆ. ಅವಿವಾಹಿತ ಹಿಂದೂ ಮಹಿಳೆ ಉಯಿಲಿಲ್ಲದೆ ತೀರಿಕೊಂಡರೆ ಆಕೆ ದುಡಿದು ಕೊಂಡ ನಿವೇಶನ ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹೋಗುತ್ತದೆ. ಜೊತೆಗೆ ಬಾಳಿದವಳಿಗೆ ಏನೂ ಉಳಿಯುವುದಿಲ್ಲ. ಮುಸ್ಲಿಮರಾದರೆ ಉಯಿಲಿನ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಪಾಲು ಮಾತ್ರ ಎಂಬುದನ್ನು ನೆನಪಿಡಬೇಕು.

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಪರಸ್ಪರ ನಾಮಿನಿ ಆಗಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಪಡಿತರ ಚೀಟಿಗೂ ಇಂಥ ಜೋಡಿಯನ್ನು ಒಂದೇ ಕುಟುಂಬವೆಂದು ಪರಿಗಣಿಸಲು ರಾಜ್ಯಗಳಿಗೆ ಪತ್ರ ಹೋಗಿದೆ. ಕೌಂಟರಿನಲ್ಲಿ ಇಲ್ಲವೆಂದರೆ ಲಿಖಿತ ಕಾರಣ ಕೇಳಿ. ಆದರೆ ನಾಮಿನಿಯೆಂದರೆ ಹಣ ಕೈಗೆ ಪಡೆಯುವವರಷ್ಟೇ, ಸಾಮಾನ್ಯವಾಗಿ ಒಡೆಯರಲ್ಲ. ಆದ್ದರಿಂದ ಖಾತೆಯ ಹಣವನ್ನೂ ಉಯಿಲಿನಲ್ಲಿ ಸೇರಿಸಿ. ಇಬ್ಬರೂ ಬೇರೆ ಬೇರೆ ಉಯಿಲು ಬರೆದು, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ. ನೋಂದಣಿ ಕಡ್ಡಾಯವಲ್ಲ, ಆದರೆ ನಿಮ್ಮ ವಿಷಯದಲ್ಲಿ ತಕರಾರು ಎತ್ತುವವರು ಮನೆಯೊಳಗಿನವರೇ ಆಗಿರಬಹುದಾದ್ದರಿಂದ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸದೆ ಬಿಡಬೇಡಿ.