ಸ್ವಂತ ಬಿಸಿನೆಸ್ ಶುರು ಮಾಡಿದರೆ ನಿಜವಾಗಿ ತೃಪ್ತಿ ಸಿಗುತ್ತಾ?

ಸಂಬಳ ಚೆನ್ನಾಗಿದೆ, ಆದರೂ ಮನಸ್ಸಿಗೆ ಸಮಾಧಾನ ಇಲ್ಲ, ಸ್ವಂತದ್ದು ಶುರು ಮಾಡಿದರೆ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ಜನ ಹೇಳುವ ಕಡೆ ಅಲ್ಲ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಈಗ ದಾವಣಗೆರೆಯಲ್ಲಿ ಮರದ ಗಾಣ ಇಟ್ಟಿದ್ದೇನೆ. ಶೇಂಗಾ, ಕೊಬ್ಬರಿ, ಎಳ್ಳು ಆಡಿಸುತ್ತೇನೆ.

'ನಮಗೆ ನಾವೇ ಬಾಸ್' ಅನ್ನೋದು ಶುದ್ಧ ಸುಳ್ಳು. ಮೊದಲು ಮ್ಯಾನೇಜರ್ ಒಬ್ಬ ಇದ್ದ. ಈಗ ಬ್ಯಾಂಕಿನವರು, ದಲ್ಲಾಳಿ, ಗಿರಾಕಿ, ಕರೆಂಟು ಎಲ್ಲವೂ ಬಾಸೇ. ದೀಪಾವಳಿ ಹತ್ತಿರ ಬಂದಾಗ ಕರೆಂಟು ಕೈಕೊಟ್ಟರೆ ಯಾರಿಗೆ ರಜೆ ಚೀಟಿ ಕೊಡೋದು?

ನನಗೆ ಸಮಾಧಾನ ಸಿಕ್ಕಿದ್ದು ಬೇರೆ ಕಡೆ. ಆಫೀಸಿನಲ್ಲಿ ಮನಸ್ಸಿಟ್ಟು ದುಡಿದರೂ ಅಷ್ಟೇ, ಕಾಟಾಚಾರಕ್ಕೆ ಮಾಡಿದರೂ ಅಷ್ಟೇ, ತಿಂಗಳ ಕೊನೆಗೆ ಅದೇ ಸಂಬಳ. ಇಲ್ಲಿ ಹಾಗಲ್ಲ. ಚಳ್ಳಕೆರೆ ಮಾರ್ಕೆಟ್ಟಿನಿಂದ ಬಂದ ಚೀಲಕ್ಕೆ ಕೈ ಹಾಕಿ ನಾಲ್ಕು ಬೀಜ ಬಾಯಿಗೆ ಹಾಕಿಕೊಳ್ಳುತ್ತೇನೆ. ಹಳೇ ಮಾಲಾದರೆ ಕಮಟು ರುಚಿ ತಕ್ಷಣ ಗೊತ್ತಾಗುತ್ತದೆ. ಬೇಡ ಅಂತ ಚೀಲ ವಾಪಸ್ ಕಳಿಸುವ ಅಧಿಕಾರ ನನ್ನದು. ಆವತ್ತು ಗಾಣ ನಿಂತರೆ ಆ ನಷ್ಟವೂ ನನ್ನದೇ. ಎಣ್ಣೆಯನ್ನು ಬಿಸಿಲಲ್ಲಿಟ್ಟು ಮಡ್ಡಿ ಇಳಿಯುವ ತನಕ ಕಾಯಬೇಕು. ಅವಸರ ಮಾಡಿದರೆ ಬಾಟಲಿಯ ತಳದಲ್ಲೇ ಕಾಣುತ್ತದೆ. ಕ್ಯಾನು ಹಿಡಿದು ಬರುವ ಅಜ್ಜಿಯೊಬ್ಬರಿದ್ದಾರೆ. ಮುಚ್ಚಳ ತೆಗೆದು ಮೂಸಿ, 'ಹ್ಞೂಂ, ಚಲೋ ಐತಪ್ಪಾ' ಅಂದ ಮೇಲೇ ಸೆರಗಿನ ಗಂಟು ಬಿಚ್ಚೋದು. ಪೀಣ್ಯದಲ್ಲಿ ನನ್ನ ಕೆಲಸವನ್ನು ಇಷ್ಟು ಬಿಗಿಯಾಗಿ ಯಾವ ಆಡಿಟರೂ ನೋಡಿರಲಿಲ್ಲ. ನನಗೆ ಬೇಕಿದ್ದದ್ದು ಇದೇ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅದಿಲ್ಲದೆ ತೃಪ್ತಿ ಗಿಪ್ತಿ ಎಲ್ಲ ಬರೀ ಮಾತು. ಒಂದು ಲೀಟರ್ ಶೇಂಗಾ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಬೇಕು. ಬೀಜ ಕೆ.ಜಿ.ಗೆ 120 ರೂಪಾಯಿ ಅಂತಿಟ್ಟುಕೊಳ್ಳಿ, 300 ಆಯಿತು. ಒಂದೂವರೆ ಕೆ.ಜಿ.ಯಷ್ಟು ಹಿಂಡಿ ಉಳಿಯುತ್ತದೆ. ಎಮ್ಮೆ ಸಾಕಿದವರು 40ರಂತೆ ಒಯ್ದರೆ 60 ವಾಪಸ್. ಉಳಿದ 240ರ ಮೇಲೆ ಕರೆಂಟು, ಕೂಲಿ, ಬಾಟಲಿ, ಬಾಡಿಗೆ, ಜಿಎಸ್‌ಟಿ. ಜೊತೆಗೆ ಸುಗ್ಗಿಯಲ್ಲಿ ರೇಟು ಇಳಿದಾಗ ಬೀಜ ತುಂಬಿಟ್ಟುಕೊಳ್ಳಲು ಕೈಯಲ್ಲಿ ದುಡ್ಡಿರಬೇಕು. ರಿಫೈಂಡ್ ಎಣ್ಣೆ ರೇಟಿಗೇ ಕೊಡಿ ಅನ್ನುವವರ ಜೊತೆ ವಾದ ಮಾಡೋದನ್ನೇ ಬಿಟ್ಟಿದ್ದೇನೆ.

ನಿಮಗೆ ಬೇಜಾರಿರೋದು ಮ್ಯಾನೇಜರ್ ಮೇಲಾದರೆ ಕಂಪನಿ ಬದಲಿಸಿ, ಖರ್ಚು ಕಡಿಮೆ. ಯಾವುದಾದರೂ ಕೆಲಸ ನೋಡಿದಾಗ 'ನಾನಾಗಿದ್ದರೆ ಇದನ್ನು ಹೀಗೆ ಮಾಡುತ್ತಿದ್ದೆ' ಅಂತ ಕೈ ಕಡಿಯುತ್ತಿದ್ದರೆ ಮಾತ್ರ ಈ ಕಡೆ ಬನ್ನಿ. ತಿನ್ನುವ ವಸ್ತುವಿನ ಉದ್ಯಮವಾದರೆ ಕೃಷಿ ಇಲಾಖೆಯಲ್ಲಿ ಪಿಎಂಎಫ್‌ಎಂಇ ಅನ್ನುವ, ಸಣ್ಣ ಆಹಾರ ಉದ್ಯಮಗಳಿಗೆ ನೆರವು ಕೊಡುವ ಕೇಂದ್ರ ಸರ್ಕಾರದ ಯೋಜನೆ ಈಗಲೂ ಇದೆಯಾ ಅಂತ ವಿಚಾರಿಸಿ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಇಟ್ಟಿದ್ದರು. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ದುಡ್ಡು, ಮನೆ ನಡೆಸಲು ಕೈಗೆ ಸಿಗುವುದಿಲ್ಲ. ಹಾಗಾಗಿ ಒಂದು ವರ್ಷದ ಮನೆಖರ್ಚು ಪಕ್ಕಕ್ಕೆ ತೆಗೆದಿಟ್ಟ ಮೇಲೇ ರಾಜೀನಾಮೆ ಬರೆಯಿರಿ.