ಕಾಲುದಾರಿಯ ಫೋಟೋ ಯಾಕೆ ಸಪ್ಪೆಯಾಗಿ ಬರುತ್ತದೆ?

ಟ್ರೆಕ್ಕಿಂಗ್ ಹೋದಾಗಲೆಲ್ಲ ಕಾಡುದಾರಿಯ ಫೋಟೋ ತೆಗೆಯುತ್ತೀರಿ, ಮನೆಗೆ ಬಂದು ನೋಡಿದರೆ ಬರೀ ಮಣ್ಣು, ಮರ. ದಾರಿ ಅಂದರೆ ಜೀವನದ ಪಯಣ ಅಂತಾರಲ್ಲ, ಆ ಭಾವನೆ ಚಿತ್ರದಲ್ಲಿ ಯಾಕೆ ಬರ್ತಿಲ್ಲ ಅಂತ ಕೇಳಿದ್ದೀರಿ. ನಾನು ವೃತ್ತಿಯಿಂದ ಫೋಟೋಗ್ರಾಫರ್ ಅಲ್ಲ. ಮಲೆನಾಡಿನವನು, ಮಳೆಗಾಲದಲ್ಲಿ ಕ್ಯಾಮೆರಾ ಹಿಡಿದು ಅಲೆಯುವ ಚಟ ಇದೆ, ಅಷ್ಟೇ.

ಮೊದಲು ಆ ಜೀವನದ ಪಯಣವನ್ನು ಬಿಟ್ಟುಬಿಡಿ. ಅದನ್ನು ತಲೆಯಲ್ಲಿಟ್ಟುಕೊಂಡು ಹೋದರೆ ಎಲ್ಲರೂ ತೆಗೆಯೋ ಫೋಟೋನೇ ಸಿಗುತ್ತದೆ. ನಡುವೆ ದಾರಿ, ಎರಡೂ ಕಡೆ ಮರ, ತುದಿಯಲ್ಲಿ ಒಂದಿಷ್ಟು ಬೆಳಕು. ಕ್ಯಾಲೆಂಡರ್ ಚಿತ್ರ.

ನಾವು 'ದಾರಿ ಸವೆಸೋದು' ಅಂತೀವಲ್ವಾ? ಸುಸ್ತಾಗೋದು ನಡೆಯುವವನಿಗೆ, ಸವೆಯೋದು ಮಾತ್ರ ದಾರಿ! ನಿಜಕ್ಕೂ ಕಾಲುದಾರಿ ಅಂದರೆ ಸವೆತವೇ. ಅದನ್ನು ಯಾರೂ ಕಟ್ಟಿದ್ದಲ್ಲ. ಹುಲ್ಲು ತುಳಿದು ತುಳಿದು, ಮಣ್ಣು ಗಟ್ಟಿಯಾಗಿ, ಅಡ್ಡ ಬಂದ ಬೇರು ನುಣುಪಾಗಿ ತಾನಾಗಿ ಆದದ್ದು. ನಾನು ಹುಡುಕೋದು ಇದನ್ನೇ.

ತೀರ್ಥಹಳ್ಳಿ ಕಡೆಯ ಕವಲೇದುರ್ಗ ನೋಡಿದ್ದೀರಾ? ಕೆಳದಿ ನಾಯಕರ ಕೋಟೆ. ಗದ್ದೆ ದಾಟಿದ ಮೇಲೆ ಕಲ್ಲು ಹಾಸಿದ ಹಳೇ ದಾರಿ ಮೇಲಕ್ಕೆ ಏರುತ್ತದೆ. ನಿಂತುಕೊಂಡು ಕ್ಲಿಕ್ ಮಾಡಿದರೆ ಅದು ಸುಮ್ನೆ ಒಂದು ಬೂದು ಪಟ್ಟಿ. ಮಳೆ ನಿಂತ ಮೇಲೆ ಬೆಳಕಿಗೆ ಎದುರಾಗಿ ಮೊಣಕಾಲೂರಿ ಕೂತು ನೋಡಿ. ಒದ್ದೆ ಕಲ್ಲು ಆಕಾಶವನ್ನು ಹಿಡಿದು ಹೊಳೆಯುತ್ತದೆ, ಒಂದೊಂದು ಉಬ್ಬುತಗ್ಗೂ ಎದ್ದು ಕಾಣುತ್ತದೆ. ಎಲೆಗಳ ಮಿನುಗು ತೆಗೆಯೋಕೆ ಅಂತ ಪೋಲರೈಸರ್ ಫಿಲ್ಟರ್ ಹಾಕುತ್ತಾರೆ. ಹಸಿರೇನೋ ಚೆನ್ನಾಗಿ ಬರುತ್ತದೆ, ಆದರೆ ಅದನ್ನು ಪೂರ್ತಿ ತಿರುಗಿಸಿದರೆ ದಾರಿಯ ಹೊಳಪೂ ಹೋಗುತ್ತದೆ. ಎಷ್ಟೋ ಸಲ ನಾನು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ.

ಬಯಲು ಬೆಟ್ಟದಲ್ಲಿ ಲೆಕ್ಕವೇ ಬೇರೆ. ಕುಕ್ಕೆಯಿಂದ ಕುಮಾರಪರ್ವತ ಹತ್ತುವಾಗ (1712 ಮೀಟರ್ ಎತ್ತರ) ಗಿರಿಗದ್ದೆ ದಾಟಿದರೆ ಹುಲ್ಲಿನ ಇಳಿಜಾರುಗಳು. ಅಲ್ಲಿ ಅಗಲದ ನೋಟ ಕೊಡುವ ವೈಡ್ ಲೆನ್ಸ್ ಹಾಕಿದರೆ ದಾರಿ ದಾರದ ಎಳೆಯಷ್ಟು ಸಣ್ಣದಾಗುತ್ತದೆ. ದೂರದ್ದನ್ನು ಹತ್ತಿರ ತೋರಿಸುವ 100ರಿಂದ 200 ಎಂಎಂ ಲೆನ್ಸಲ್ಲಿ ದೂರದಿಂದ ತೆಗೆದರೆ ತಿರುವುಗಳು ಒಂದರ ಮೇಲೊಂದು ಪೇರಿಸಿದ ಹಾಗೆ ಬರುತ್ತವೆ. ಇನ್ನೊಂದು ಮಾತು: ದಟ್ಟ ಕಾಡಿನಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಕ್ಯಾಮೆರಾಗೆ ಹೋಗುವ ಬೆಳಕನ್ನು ಅರ್ಧಕ್ಕೆ ಇಳಿಸಿ. ಇಲ್ಲದಿದ್ದರೆ ಮರಗಳ ಸಂದಿಯ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ.

ಇನ್ನು ಅರ್ಥದ ವಿಷಯ. ದಾರಿ ಸವೆಸೋದು ಇದ್ದ ಹಾಗೇ ದಾರಿ ಕಾಯೋದೂ ಇದೆ. ಹೋಗುವವನ ದಾರಿ ಒಂದು, ಕಾಯುವವರ ದಾರಿ ಇನ್ನೊಂದು. ನಾವು ಟ್ರೆಕ್ಕಿಂಗಿನವರು ತೆಗೆಯೋದೆಲ್ಲ ಹೋಗುವವನ ಫೋಟೋ.

ಇದು ನನಗೆ ಹೊಳೆದದ್ದು ನಮ್ಮ ಅಜ್ಜಿ ಮನೆಯಲ್ಲಿ. ದಣಪೆ (ಬೇಲಿಗೆ ಗಳು ಅಡ್ಡ ಹಾಕಿದ ಗೇಟು) ದಾಟಿದರೆ ಕಾಲುದಾರಿ ಗದ್ದೆ ಅಂಚಲ್ಲಿ ಹೋಗಿ, ಸಂಕದ (ಸಣ್ಣ ಕಾಲುಸೇತುವೆ) ಹತ್ತಿರ ತಿರುಗಿ ತೋಟದೊಳಗೆ ಮರೆಯಾಗುತ್ತಿತ್ತು. ಬಸ್ಸಿಳಿದು ಯಾರು ಬಂದರೂ ಮೊದಲು ಕಾಣೋದು ಆ ತಿರುವಿನಲ್ಲೇ. ನಾನು ಆ ದಾರಿಯನ್ನು ಹತ್ತಾರು ಸಲ ತೆಗೆದಿದ್ದೆ, ಎಲ್ಲಾ ನಡೆಯುತ್ತಾ ತೆಗೆದವು. ಒಂದು ಮಧ್ಯಾಹ್ನ ಜಗಲಿಯಲ್ಲಿ ಅಜ್ಜಿ ಪಕ್ಕ ಕೂತು, ಅವಳ ಕಣ್ಣಿನ ಎತ್ತರದಿಂದ ಒಂದು ತೆಗೆದೆ. ಜಗಲಿ ಕಂಬ, ದಣಪೆ, ಖಾಲಿ ದಾರಿ. ಫೋಕಸ್ ಕೂಡ ಸರಿಯಿಲ್ಲ. ಈಗ ಮನೆ ಹಿಂದಿನಿಂದ ಡಾಂಬರು ರಸ್ತೆ ಬಂದಿದೆ. ತುಳಿಯುವವರಿಲ್ಲದೆ ಎರಡೇ ಮಳೆಗಾಲಕ್ಕೆ ಕಾಲುದಾರಿ ಮುಚ್ಚಿಹೋಯಿತು. ಮನೆಯವರು ಫ್ರೇಮ್ ಹಾಕಿಸಿ ಇಟ್ಟಿರೋದು ಆ ಫೋಟೋ ಒಂದನ್ನೇ.

ಹಾಗಾಗಿ ಮುಂದಿನ ಸಲ ಹೋದಾಗ, ತಿರುವು ದಾಟಿದ ಮೇಲೆ ಒಂದು ಸಲ ನಿಂತು ಹಿಂದಕ್ಕೆ ತಿರುಗಿ ನೋಡಿ. ಬೆಳಕೂ ಬೇರೆ ಇರುತ್ತದೆ, ದಾರಿಯೂ ಬೇರೆ ಕಾಣುತ್ತದೆ. ಮತ್ತೆ, ಮಳೆಗಾಲದಲ್ಲಿ ಮೊಣಕಾಲೂರೋ ಮುಂಚೆ ಉಂಬಳ (ಜಿಗಣೆ) ನೋಡಿಕೊಳ್ಳಿ. ಹೊಗೆಸೊಪ್ಪು, ಸುಣ್ಣ ಜೊತೆಗಿರಲಿ. ಫೋಟೋ ಜಾಸ್ತಿ ಹೊತ್ತು ಹಿಡಿದಷ್ಟೂ ಅವು ಜಾಸ್ತಿ ಹತ್ತುತ್ತವೆ.