ಸೆಕೆಂಡ್ ಲೈಫ್‌ನಲ್ಲಿ ಬಿಟ್ಟಿ ಸಿಕ್ಕಿದ್ದನ್ನು ಮಾರಬಹುದಾ?

ಸೆಕೆಂಡ್ ಲೈಫ್ ಅಂದರೆ ಜನರೇ ವಸ್ತುಗಳನ್ನು ಮಾಡಿ ಹಂಚುವ, ಮಾರುವ ಒಂದು ಆನ್‌ಲೈನ್ ಲೋಕ. ಅಲ್ಲಿ ಬಿಟ್ಟಿ ಸಿಕ್ಕ ವಸ್ತುವಿಗೆ ಟ್ರಾನ್ಸ್‌ಫರ್, ಅಂದರೆ ಬೇರೆಯವರಿಗೆ ಕೊಡುವ ಅನುಮತಿ ಇದೆ, ಮಾರಿದರೆ ತಪ್ಪೇನು ಅಂತ ಕೇಳಿದ್ದೀರಿ. ಮಾಡಿದವರು ಬೇಡ ಅಂದಿದ್ದರೆ ತಪ್ಪೇ.

2003ರಲ್ಲಿ ಶುರುವಾದ ಈ ಲೋಕದಲ್ಲಿ ಪ್ರತಿ ವಸ್ತುವಿಗೂ ಮೂರು ಅನುಮತಿ: ಕಾಪಿ ಮಾಡೋದು, ಬದಲಾಯಿಸೋದು, ಬೇರೆಯವರಿಗೆ ಕೊಡೋದು. ಹೊಸಬರಿಗೆ ಅನುಕೂಲ ಆಗಲಿ ಅಂತ ಕೆಲವರು ಮೂರನ್ನೂ ಬಿಟ್ಟುಕೊಡುತ್ತಾರೆ. ಆದರೆ 'ಕೊಡಬಹುದು, ಮಾರಬಾರದು' ಅನ್ನೋದಕ್ಕೆ ಅಲ್ಲಿ ಬೇರೆ ಬಟನ್ ಇಲ್ಲ, ಅದಕ್ಕೇ ಆ ಮಾತನ್ನು ವಸ್ತುವಿನ ಜೊತೆ ಕೊಡುವ ಚೀಟಿಯಲ್ಲಿ, ಅಂದರೆ ನೋಟ್‌ಕಾರ್ಡ್‌ನಲ್ಲಿ ಬರೆದಿರುತ್ತಾರೆ.

ನಮ್ಮ ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಹೊತ್ತಿಗೆ ಯಾರೋ ಪುಣ್ಯಾತ್ಮರು ಅರವಟ್ಟಿಗೆ ಇಟ್ಟು ಮಜ್ಜಿಗೆ ಹಂಚುತ್ತಾರೆ ಅಂದುಕೊಳ್ಳಿ. ಅಲ್ಲಿಂದ ಒಂದು ಕೊಡ ತುಂಬಿಸಿಕೊಂಡು ಹೋಗಿ, ಎರಡು ಬೀದಿ ಆಚೆ ಬಿಸಿಲಲ್ಲಿ ಬಂದ ಹಳ್ಳಿಯವರಿಗೆ ಲೋಟಕ್ಕೆ 10 ರೂಪಾಯಿ ಅಂತ ಮಾರಿದರೆ ಏನಂತೀರಿ? ಕುಡಿಯೋರಿಗೆ ಅರವಟ್ಟಿಗೆ ಇರೋದೇ ಗೊತ್ತಿರಲ್ಲ, ಅಲ್ವಾ?

ಇಲ್ಲೂ ಮೋಸ ಹೋಗೋದು ಹೊಸಬರೇ. ನನ್ನ ತಂಗಿ ಸೆಕೆಂಡ್ ಲೈಫ್‌ನ ಒಂದು ಅಂಗಡಿಯಲ್ಲಿ 200 ಲಿಂಡನ್ ಡಾಲರ್ (ಅಲ್ಲಿ ನಡೆಯೋ ಹಣ) ಕೊಟ್ಟು ಲಂಗ ಕೊಂಡಳು. ವಸ್ತುವಿನ ವಿವರ ತೋರಿಸೋ ಎಡಿಟ್ ತೆಗೆದು ನೋಡಿದರೆ ಮಾಡಿದವರ ಹೆಸರೇ ಬೇರೆ, ಅವರ ಅಂಗಡಿಯಲ್ಲಿ ಅದೇ ಲಂಗ ಸೊನ್ನೆ ಬೆಲೆಗೆ ಇತ್ತು. ಅವಳ ಮುಖ ನೋಡಿ ನನಗೆ ಬಹಳ ಬೇಜಾರಾಯಿತು. ಲಿಂಡನ್ ಡಾಲರನ್ನು ನಿಜವಾದ ದುಡ್ಡು ಕೊಟ್ಟೇ ಕೊಳ್ಳೋದು, ಸುಮ್ನೆ ಆಟದ ಕಾಸಲ್ಲ.

ಬಿಟ್ಟಿ ಸಿಕ್ಕ ಬಾಗಿಲು, ಕಿಟಕಿ ಸೇರಿಸಿ ನೀವೇ ಒಂದು ಮನೆ ಕಟ್ಟಿ ಮಾರಿದರೆ ಬೇರೆ ಮಾತು, ಅದರಲ್ಲಿ ನಿಮ್ಮ ದುಡಿಮೆ ಇದೆ. ಆಗಲೂ ನೋಟ್‌ಕಾರ್ಡ್ ಓದಿ. ಅನುಮಾನ ಇದ್ದರೆ ಮಾಡಿದವರಿಗೇ ಒಂದು ಮೆಸೇಜ್ ಹಾಕಿ ಕೇಳಿ.